ಸಹಾಯ ಬೇಕು: ಗದಗದಿಂದ ಪಂಢರಪುರಕ್ಕೆ ಅವ್ವನ ಜೊತೆ

ಎಲ್ಲರಿಗೂ ನಮಸ್ಕಾರ. ಕಾರ್ತಿಕ ಏಕಾದಶಿಯ ಗದ್ದಲ ಮುಗಿದ ಮೇಲೆ ಅವ್ವ, ಅತ್ತೆ ಇಬ್ಬರನ್ನೂ ಪಂಢರಪುರಕ್ಕೆ ಕರೆದುಕೊಂಡು ಹೋಗಬೇಕು. ಸ್ವಂತ ಕಾರಿಲ್ಲ, ಬಾಡಿಗೆ ಕಾರು ಜಾಸ್ತಿ ದುಬಾರಿ.

ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ಗದಗ, ವಿಜಯಪುರ, ಸೊಲ್ಲಾಪುರ ಮೇಲೆ ನೇರ ಪಂಢರಪುರಕ್ಕೇ ಹೋಗುತ್ತದೆ. ಅವ್ವನಿಗೆ ಮಂಡಿನೋವು, ಅವಳಿಗೆ ಅದೇ ಸರಿ. ಆದರೆ ಅತ್ತೆಗೆ ಬಸ್ಸೇ ಬೇಕು. ಶಕ್ತಿ ಯೋಜನೆಯ ಸೊನ್ನೆ ರೂಪಾಯಿ ಟಿಕೆಟ್‌ಗಳನ್ನೆಲ್ಲ ಆಧಾರ್ ಕಾರ್ಡಿನ ಜೊತೆ ಮಡಚಿ, ರಬ್ಬರ್ ಹಾಕಿ ಇಟ್ಟಿದ್ದಾರೆ! ರಾಜ್ಯದ ಗಡಿ ದಾಟುವ ಬಸ್ಸಿಗೆ ಅದು ನಡೆಯಲ್ಲ ಅಂದರೆ, "ವಿಜಯಪುರದ ತನಕ ಪುಕ್ಕಟೆ ಹೋಗೋಣ, ಮುಂದಿನದು ವಿಠ್ಠಲ ನೋಡ್ಕೋತಾನ" ಅಂತಾರೆ. ವಿಠ್ಠಲ ಟಿಕೆಟ್ ತೆಗೆಸಲ್ಲ, ನಾನೇ ತೆಗೆಸಬೇಕು ಅಲ್ವಾ?

ಹೋಗಿ ಬಂದವರು ಹೇಳಿ. ವಿಜಯಪುರದಿಂದ ಮಂಗಳವೇಢೆ ಮೇಲೆ ಹೋಗುವ ಬಸ್ಸು ಬೆಳಿಗ್ಗೆ ಎಷ್ಟಕ್ಕೆ ಸಿಗುತ್ತದೆ? ಸೊಲ್ಲಾಪುರಕ್ಕೆ ಹೋಗಿ ಬದಲಿಸುವುದೇ ಒಳ್ಳೆಯದಾ? ದಾರಿಯಲ್ಲಿ ಮಂಗಳವೇಢೆಯಲ್ಲಿ ಇಳಿದು ಸಂತ ಚೋಖಾಮೇಳ ಇದ್ದ ಊರನ್ನೂ ನೋಡುವ ಆಸೆಯಿದೆ. ಚೀಲಗಳನ್ನು ಅಲ್ಲಿ ಎಲ್ಲಾದರೂ ಇಡಬಹುದಾ?

ಮುಖ್ಯವಾದದ್ದು ದರ್ಶನದ ಸಾಲು. ವಿಠ್ಠಲನ ಪಾದ ಮುಟ್ಟುವ ಸಾಲಲ್ಲಿ ಅವ್ವ ಗಂಟೆಗಟ್ಟಲೆ ನಿಲ್ಲಲಾರಳು. ದೂರದಿಂದ ಮುಖದರ್ಶನ ಸಾಕು ಅಂದರೆ ಕಣ್ಣಲ್ಲಿ ನೀರು ತರುತ್ತಾಳೆ. ವಾರದ ಯಾವ ದಿನ, ಯಾವ ಹೊತ್ತಿಗೆ ಹೋದರೆ ಸಾಲು ಕಡಿಮೆ? ಚಂದ್ರಭಾಗಾ ದಂಡೆಗೆ ಮೆಟ್ಟಿಲು ಜಾಸ್ತಿ ಇಳಿಯದೆ ಹೋಗುವ ಘಾಟ್ ಇದೆಯಾ?

ನನ್ನ ಮರಾಠಿ "ಕಿತಿ", "ಕುಠೇ" ಅಷ್ಟೇ. ಇತ್ತೀಚೆಗೆ ಹೋದವರಿದ್ದರೆ ದಯವಿಟ್ಟು ಇಲ್ಲೇ ಬರೆಯಿರಿ, ಅವ್ವನಿಗೆ ಓದಿ ಹೇಳುತ್ತೇನೆ.