ಒಂದು ಗಾಡಿಯ ಚಾಸಿ, ಇನ್ನೊಂದರ ಬಾಡಿ: ಮೇಸ್ತ್ರಿಗೆ ಪ್ರಶ್ನೆ ಕೇಳಿ

ಚಾಸಿ ಮೇಸ್ತ್ರಿ: ಎಲ್ಲರಿಗೂ ನಮಸ್ಕಾರ. ಅಡ್ಮಿನ್ ಕೇಳಿಕೊಂಡರು, ಹಾಗಾಗಿ ಇವತ್ತು ಸಂಜೆ ಇಲ್ಲಿರುತ್ತೇನೆ. ಚಾಸಿ ಕಡಿಯುವುದು, ಜೋಡಿಸುವುದು, ಒಂದರ ಬಾಡಿಯನ್ನು ಇನ್ನೊಂದರ ಮೇಲೆ ಕೂರಿಸಿ ಕಲ್ಲು ಕೆಸರಿನ ದಾರಿಗೆ ಗಾಡಿ ತಯಾರು ಮಾಡುವುದು ನನ್ನ ಕೆಲಸ. ಪ್ರಶ್ನೆ ಹಾಕುವಾಗ ಎರಡೂ ಗಾಡಿಯ ಹೆಸರು, ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವಿನ ಅಂತರ), ಎಲ್ಲಿ ಕಡಿದಿದ್ದೀರಿ ಎಂಬುದನ್ನು ಬರೆಯಿರಿ. ಫೋಟೋ ಗಾಡಿಯ ಅಡಿಯಿಂದ ತೆಗೆದದ್ದು ಇರಲಿ.

ನಾಲ್ಕು ಚಕ್ರ: ಸರ್ ನನ್ನ ಹತ್ತಿರ ಟೊಯೋಟಾ ಎಫ್‌ಜೆ40 ಬಾಡಿ ಇದೆ, ಚೆನ್ನಾಗಿದೆ, ಆದರೆ ಚಾಸಿ ಪೂರ್ತಿ ತುಕ್ಕು. ಕಾಯಿಲ್ ಸ್ಪ್ರಿಂಗ್ ಇರುವ ಚಾಸಿ ಹಾಕಬೇಕು ಅಂತ ಆಸೆ. 80 ಸೀರೀಸ್ ಲ್ಯಾಂಡ್ ಕ್ರೂಸರ್ ಚಾಸಿ ಒಂದು ಸಿಗುತ್ತಿದೆ, ತಗೊಳ್ಳಲಾ?

ಚಾಸಿ ಮೇಸ್ತ್ರಿ: ಮೊದಲು ಲೆಕ್ಕ ನೋಡಿ. ಎಫ್‌ಜೆ40 ವೀಲ್‌ಬೇಸ್ 2285 ಮಿ.ಮೀ. 80 ಸೀರೀಸ್ 2850. ಅಂದರೆ 565 ಮಿ.ಮೀ. ಕಡಿಯಬೇಕು. ಮಾಡಿದವರಿದ್ದಾರೆ, ಆಗದ ಕೆಲಸ ಅಲ್ಲ. ಆದರೆ ಕಡಿದ ಮೇಲೆ ಹಿಂದಿನ ಸಸ್ಪೆನ್ಷನ್ ಆರ್ಮ್‌ಗಳ ಬ್ರಾಕೆಟ್ ಎಲ್ಲಿ ಬರುತ್ತದೆ, ಪೆಟ್ರೋಲ್ ಟ್ಯಾಂಕ್ ಎಲ್ಲಿ ಕೂರುತ್ತದೆ, ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಗಿಡ್ಡವಾಗುತ್ತದೆ, ಇದೆಲ್ಲ ನೋಡಬೇಕು. 70 ಸೀರೀಸ್‌ನಲ್ಲಿ ಕಾಯಿಲ್ ಸ್ಪ್ರಿಂಗ್ ಇರುವ ಗಿಡ್ಡ ಮಾಡೆಲ್ ಇದೆ, ಅದರ ವೀಲ್‌ಬೇಸ್ 2310. ವ್ಯತ್ಯಾಸ ಬರೀ 25 ಮಿ.ಮೀ. ಸೈಡ್ ಮೆಂಬರ್ (ಚಾಸಿಯ ಎರಡು ಉದ್ದದ ತೊಲೆ) ಕಡಿಯುವ ಅಗತ್ಯವೇ ಇಲ್ಲ, ಬಾಡಿ ಮೌಂಟ್ ಬ್ರಾಕೆಟ್‌ಗಳನ್ನು ಹೊಸದಾಗಿ ಮಾಡಿದರೆ ಆಯಿತು. ನಾನಾದರೆ ಅದನ್ನು ಹುಡುಕುತ್ತೇನೆ. ಕಡಿಯದೇ ಇರುವ ಚಾಸಿಗಿಂತ ಗಟ್ಟಿ ಚಾಸಿ ಇಲ್ಲ.

ಲೋ ಗೇರ್: ಎರಡು ಗಾಡಿ ಸೇರಿಸಿದರೆ ಚಾಸಿ ನಂಬರ್ ಯಾವುದು ಉಳಿಯುತ್ತದೆ ಸರ್?

ಚಾಸಿ ಮೇಸ್ತ್ರಿ: ಚಾಸಿ ಮೇಲೆ ಕೊರೆದದ್ದೇ ಅದರ ಗುರುತು. ಅಳಿಸಬೇಡಿ, ಉಜ್ಜಬೇಡಿ, ಬೇರೆ ಕಡೆಯಿಂದ ಕತ್ತರಿಸಿ ತಂದು ಅಂಟಿಸಬೇಡಿ. ಕಡಿಯುವ ಮೊದಲೇ ನೋಂದಣಿ ಕಚೇರಿಯಲ್ಲಿ ಕೇಳಿ, ಬರಹದಲ್ಲಿ ಪಡೆಯಿರಿ.

ಗುಡ್ಡದ ದಾರಿ: ಮೇಸ್ತ್ರಿ, ನನ್ನದು ಜೀಪ್ ಸಿಜೆ7 ಬಾಡಿ, ಒಂದು ಪಿಕಪ್‌ನ ಚಾಸಿ ಮೇಲೆ. ಸಿಜೆ7 ವೀಲ್‌ಬೇಸ್ 93 ಇಂಚಿಗಿಂತ ಸ್ವಲ್ಪ ಜಾಸ್ತಿ ಅಲ್ವಾ, ಅದಕ್ಕೆ ಹೊಂದಲು ಚಾಸಿಯನ್ನು ಮಧ್ಯದಲ್ಲಿ ಕಡಿದು ಗಿಡ್ಡ ಮಾಡಿಸಿದೆ. ಕೆಲಸ ಒಂದು ವರ್ಕ್‌ಶಾಪ್‌ನವರು ಮಾಡಿದ್ದು. ನೇರವಾಗಿ ಕಡಿದು, ಬೆಸುಗೆ ಹಾಕಿ, ಮೇಲೆ ದಪ್ಪ ಪ್ಲೇಟ್ ಇಟ್ಟು ಸುತ್ತ ವೆಲ್ಡ್ ಮಾಡಿದ್ದಾರೆ. ಈಗ ಎರಡು ತೊಂದರೆ. ಹಿಂದಿನ ಒಂದು ಚಕ್ರ ಕಲ್ಲು ಹತ್ತಿದಾಗ ಎಡಗಡೆ ಬಾಗಿಲು ಸಿಕ್ಕಿಕೊಳ್ಳುತ್ತದೆ, ಸಮತಟ್ಟಾದ ಜಾಗಕ್ಕೆ ಬಂದರೆ ಸರಿ. ಇನ್ನೊಂದು, ಎಡಗಡೆ ಮೆಂಬರ್‌ನ ಕೆಳಗೆ, ಆ ಪ್ಲೇಟ್ ಮುಗಿಯುವ ಕಡೆ ಪೇಂಟ್‌ನಲ್ಲಿ ಕೂದಲೆಳೆಯಷ್ಟು ಗೆರೆ ಬಂದಿದೆ. ಬರೀ ಪೇಂಟ್ ಬಿರಿದಿರೋದಾ? ಮುಂದಿನ ವಾರ ಮನೆಯವರನ್ನೆಲ್ಲ ಕೂರಿಸಿಕೊಂಡು ಹೋಗುವುದಿದೆ. ಫೋಟೋ ಹಾಕಿದ್ದೇನೆ.

ಚಾಸಿ ಮೇಸ್ತ್ರಿ: ಗಾಡಿ ಎಲ್ಲಿದೆಯೋ ಅಲ್ಲೇ ನಿಲ್ಲಿಸಿ. ಮುಂದಿನ ವಾರ ಹೋಗಬೇಡಿ. ಪಕ್ಕದ ಬೀದಿಗೂ ಬೇಡ.

ಫೋಟೋ ದೊಡ್ಡದು ಮಾಡಿ ನೋಡಿದೆ. ಗೆರೆ ಇರುವ ಜಾಗ ನನಗೆ ಹಿಡಿಸುತ್ತಿಲ್ಲ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಗಾಡಿಯ ಭಾರ ಎರಡು ಆಕ್ಸಲ್‌ಗಳ ನಡುವೆ ಚಾಸಿಯನ್ನು ಕೆಳಗೆ ಬಗ್ಗಿಸುತ್ತದೆ. ಆಗ ಸೈಡ್ ಮೆಂಬರ್‌ನ ಮೇಲಿನ ಅಂಚು ಒತ್ತಿಕೊಳ್ಳುತ್ತದೆ, ಕೆಳಗಿನ ಅಂಚು ಎಳೆದುಕೊಳ್ಳುತ್ತದೆ. ಬಿರುಕು ಶುರುವಾಗುವುದು ಎಳೆತ ಇರುವ ಕಡೆ. ನಿಮ್ಮ ಗೆರೆ ಇರುವುದು ಕೆಳಗಿನ ಅಂಚಿನಲ್ಲಿ. ಅದೂ ಕಡಿದ ಜೋಡಣೆಯ ಮೇಲೆ ಅಲ್ಲ, ಪ್ಲೇಟ್ ಮುಗಿಯುವ ಕಡೆ. ಪ್ಲೇಟ್ ಇರುವಷ್ಟು ಉದ್ದ ಮೆಂಬರ್ ಬಗ್ಗುವುದೇ ಇಲ್ಲ, ಪ್ಲೇಟ್ ಮುಗಿದ ತಕ್ಷಣ ಬಗ್ಗುತ್ತದೆ. ಆ ಗಡಿಯಲ್ಲೇ ಬೆಸುಗೆಯ ಬಿಸಿ ತಾಗಿದ ಲೋಹವೂ ಇದೆ. ಪ್ಲೇಟ್‌ನ ಕೊನೆಯನ್ನು ಚೌಕಾಕಾರವಾಗಿ ಬಿಟ್ಟು, ಕೆಳಗಿನ ಅಂಚಿಗೆ ಅಡ್ಡಲಾಗಿ ಬೆಸುಗೆ ಎಳೆದಿದ್ದಾರೆ. ಇಲ್ಲಿ ಬಿರಿ ಅಂತ ಗುರುತು ಹಾಕಿಕೊಟ್ಟ ಹಾಗೆ. ದಪ್ಪ ಪ್ಲೇಟ್ ಹಾಕಿದಷ್ಟೂ ಗಟ್ಟಿ ಅನ್ನುವುದು ತಪ್ಪು ಲೆಕ್ಕ. ತುಂಬ ದಪ್ಪ ಇದ್ದರೆ ಆ ಗಡಿ ಇನ್ನೂ ಕೆಟ್ಟದಾಗುತ್ತದೆ.

ಈಗ ಬಾಗಿಲು. ಬಾಡಿ ಮತ್ತು ಚಾಸಿ ನಡುವೆ ರಬ್ಬರ್ ಬುಷ್ ಇದೆಯಾ?

ಗುಡ್ಡದ ದಾರಿ: ಇಲ್ಲ ಮೇಸ್ತ್ರಿ. ರಬ್ಬರ್ ಇಟ್ಟರೆ ಅಲ್ಲಾಡುತ್ತದೆ ಅಂತ ಹೇಳಿ ಕಬ್ಬಿಣದ ಪ್ಯಾಕಿಂಗ್ ಇಟ್ಟು ನೇರವಾಗಿ ಬೋಲ್ಟ್ ಹಾಕಿದ್ದಾರೆ. ಎರಡು ಕಡೆ ವೆಲ್ಡೇ ಮಾಡಿದ್ದಾರೆ.

ಹಳೇ ಬೋಲ್ಟ್: ಒಳ್ಳೇ ಸಿಜೆ7 ಬಾಡಿಯನ್ನು ತಂದು ಯಾವುದೋ ಪಿಕಪ್ ಮೇಲೆ ಕೂರಿಸಿದರೆ ಇನ್ನೇನಾಗುತ್ತದೆ. ಹಳೇ ಗಾಡಿಯನ್ನು ಇದ್ದ ಹಾಗೆ ಉಳಿಸಿಕೊಳ್ಳೋಕೆ ಯಾರಿಗೂ ಮನಸ್ಸಿಲ್ಲ.

ಗುಡ್ಡದ ದಾರಿ: ಅಣ್ಣ, ಮೂಲ ಚಾಸಿ ಎರಡು ತುಂಡಾಗಿ ಗುಜರಿಯಲ್ಲಿತ್ತು. ಉಳಿಸೋಕೆ ಏನೂ ಇರಲಿಲ್ಲ.

ಚಾಸಿ ಮೇಸ್ತ್ರಿ: ಬಾಗಿಲಿನ ಕಥೆ ಅಲ್ಲೇ ಇದೆ. ಏಣಿ ಚಾಸಿ, ಅಂದರೆ ಎರಡು ಉದ್ದ ಮೆಂಬರ್ ನಡುವೆ ಅಡ್ಡ ಮೆಂಬರ್ ಇರುವ ಚಾಸಿ, ತಿರುಚಿಕೊಳ್ಳುವುದಕ್ಕೇ ಮಾಡಿದ್ದು. ಒಂದು ಚಕ್ರ ಮೇಲೆ ಹೋದಾಗ ಅದು ಸ್ವಲ್ಪ ತಿರುಚಲೇಬೇಕು. ಬಾಡಿ ಹಾಗಲ್ಲ, ತೆಳು ಶೀಟ್, ಬಾಗಿಲಿನ ಚೌಕಟ್ಟು ನಾಲ್ಕು ಮೂಲೆ ಸರಿಯಾಗಿ ಉಳಿಯಬೇಕು. ನಡುವೆ ರಬ್ಬರ್ ಇರುವುದು ಚಾಸಿಯ ತಿರುಚು ಬಾಡಿಗೆ ಹೋಗದೇ ಇರಲಿ ಅಂತ. ಕಬ್ಬಿಣ ಇಟ್ಟು ಬಿಗಿದಿದ್ದಕ್ಕೆ ಈಗ ಬಾಡಿಯೇ ತಿರುಚುತ್ತಿದೆ, ಅದಕ್ಕೇ ಬಾಗಿಲು ಸಿಗುತ್ತಿದೆ. ಮರ್ಸಿಡಿಸ್‌ನ ಯೂನಿಮಾಗ್ ನೋಡಿ. ಅದರ ಚಾಸಿ ಕಣ್ಣಿಗೆ ಕಾಣುವಷ್ಟು ತಿರುಚುತ್ತದೆ, ಕ್ಯಾಬಿನ್ ಮಾತ್ರ ಮೂರೇ ಬಿಂದುಗಳ ಮೇಲೆ ಕೂತಿರುವುದರಿಂದ ಅದಕ್ಕೇನೂ ಆಗುವುದಿಲ್ಲ. ಮೂರು ಬಿಂದುವಿನ ಮೇಲೆ ಕೂತದ್ದನ್ನು ತಿರುಚಲು ಆಗುವುದಿಲ್ಲ. ತುಂಬ ಚೆಂದದ ಯೋಚನೆ ಅದು, ನನಗೆ ಇವತ್ತಿಗೂ ಇಷ್ಟ. ನಿಮಗೆ ಅಷ್ಟು ಬೇಕಿಲ್ಲ. ಎಲ್ಲ ಮೌಂಟ್‌ಗೂ ಮೇಲೊಂದು ಕೆಳಗೊಂದು ರಬ್ಬರ್, ನಡುವೆ ತೋಳು ಪೈಪ್, ಅದರೊಳಗೆ ಬೋಲ್ಟ್. ವೆಲ್ಡ್ ಮಾಡಿರುವ ಎರಡನ್ನೂ ಕಡಿದು ತೆಗೆಯಿರಿ.

ಇವತ್ತೇ ಮಾಡಬೇಕಾದದ್ದು: ಗೆರೆ ಇರುವ ಕಡೆ ಪೇಂಟ್ ತೆಗೆಯಿರಿ. ಗ್ರೈಂಡರ್ ಹಚ್ಚಬೇಡಿ, ಅದು ಲೋಹವನ್ನು ಸವರಿ ಬಿರುಕಿನ ಬಾಯಿ ಮುಚ್ಚಿಬಿಡುತ್ತದೆ. ಪೇಂಟ್ ರಿಮೂವರ್ ಬಳಸಿ. ಡೈ ಪೆನೆಟ್ರೆಂಟ್ ಅಂತ ಸ್ಪ್ರೇ ಸಿಗುತ್ತದೆ, ಕೆಂಪು ಬಣ್ಣದ್ದು. ಹೊಡೆದು ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಟ್ಟು, ಕ್ಲೀನರನ್ನು ಬಟ್ಟೆಗೆ ಹಾಕಿಕೊಂಡು ಒರೆಸಿ. ನೇರವಾಗಿ ಲೋಹದ ಮೇಲೆ ಸುರಿದರೆ ಬಿರುಕಿನ ಒಳಗಿನ ಬಣ್ಣವೂ ಹೋಗುತ್ತದೆ. ಆಮೇಲೆ ಬಿಳಿ ಡೆವಲಪರ್. ಬಿರುಕಿದ್ದರೆ ಬಿಳಿ ಮೇಲೆ ಕೆಂಪು ಗೆರೆ ಮೂಡುತ್ತದೆ. ಫೋಟೋ ಇಲ್ಲಿ ಹಾಕಿ.

ಕೆಸರುಗಾಲು: ಬಂದ ಮೆಸೇಜ್ ಹಂಚಿಕೊಳ್ಳುತ್ತಿದ್ದೇನೆ, ಎಲ್ಲರಿಗೂ ಉಪಯೋಗ ಆಗಲಿ 🙏 "ಚಾಸಿ ಬಿರುಕು ಬಿಟ್ಟರೆ ಆ ಜಾಗ ಕೆಂಪಗಾಗುವ ತನಕ ಗ್ಯಾಸ್‌ನಲ್ಲಿ ಕಾಯಿಸಿ, ಹಳೇ ಎಂಜಿನ್ ಆಯಿಲ್ ಸುರಿಯಿರಿ. ಕಬ್ಬಿಣ ಮೊದಲಿಗಿಂತ ಎರಡು ಪಟ್ಟು ಗಟ್ಟಿಯಾಗುತ್ತದೆ."

ಚಾಸಿ ಮೇಸ್ತ್ರಿ: ಇದನ್ನು ಯಾರೂ ಮಾಡಬೇಡಿ. ಕೆಂಪಗೆ ಕಾಯಿಸಿದರೆ ಕಾರ್ಖಾನೆಯಲ್ಲಿ ಆ ಸ್ಟೀಲ್‌ಗೆ ಕೊಟ್ಟ ಬಲ ಅಲ್ಲಿ ಹೋಗುತ್ತದೆ. ಗಕ್ಕನೆ ತಣಿಸಿದರೆ ಕೆಲವು ಸ್ಟೀಲ್ ಗಾಜಿನಂತೆ ಪಟ್ಟನೆ ಒಡೆಯುವಂತಾಗುತ್ತದೆ. ಬಿರುಕು ಅಲ್ಲೇ ಇರುತ್ತದೆ. ಮೇಲಿಂದ ಎಣ್ಣೆಗೆ ಬೆಂಕಿ ಹತ್ತುತ್ತದೆ. ಕೆಲವು ಟ್ರಕ್ ಚಾಸಿಗಳ ಮೇಲೆ ಬೆಸುಗೆ ಹಾಕಬೇಡಿ, ತೂತು ಕೊರೆಯಬೇಡಿ ಎಂದೇ ಬರೆದಿರುತ್ತಾರೆ, ಇದೇ ಕಾರಣಕ್ಕೆ.

ಕೆಸರುಗಾಲು: ಒಳ್ಳೇ ಮನಸ್ಸಿಂದ ಹಾಕಿದ್ದು ಸರ್.

ಲೋ ಗೇರ್: ಗುಡ್ಡದ ದಾರಿ ಅವರ ಬೆಸುಗೆ ಮಿಗ್‌ನಲ್ಲಿ (ತಂತಿ ತಾನಾಗಿ ಬರುವ ವೆಲ್ಡಿಂಗ್) ಮಾಡಿದ್ದು ಅನ್ಸುತ್ತೆ. ಚಾಸಿಗೆ ಮಿಗ್ ಯಾವತ್ತೂ ಬೇಡ. ರಾಡ್ ಹಿಡಿದು ಮಾಡುವ ಆರ್ಕ್, 7018 ರಾಡ್, ಅಷ್ಟೇ.

ಕಿಡಿ: ಸುಮ್ನೆ ಏನೋ ಹೇಳಬೇಡಿ. ಕಾರ್ಖಾನೆಯಲ್ಲಿ ಚಾಸಿ ಕಟ್ಟುವಾಗ ರೋಬೋಟ್ ಹಾಕುವುದೇ ಮಿಗ್ ತರಹದ ಬೆಸುಗೆ.

ಲೋ ಗೇರ್: ನಿಮ್ಮ ಶೆಡ್‌ನಲ್ಲಿರೋದು ರೋಬೋಟಾ? ಮನೆ ಪ್ಲಗ್‌ಗೆ ಹಾಕೋ ಸಣ್ಣ ಮೆಷಿನ್‌ನಲ್ಲಿ ದಪ್ಪ ಮೆಂಬರ್‌ಗೆ ಮೇಲ್ಮೇಲೆ ಅಂಟುತ್ತದೆ, ಒಳಗೆ ಇಳಿಯುವುದಿಲ್ಲ.

ಕಿಡಿ: ಕೈ ಸರಿ ಇದ್ದರೆ ಇಳಿಯುತ್ತದೆ. ನಿಮ್ಮ 7018 ರಾಡ್ ತೆರೆದ ಪೊಟ್ಟಣದಲ್ಲಿ ತೇವ ಕುಡಿದು ಕೂತಿರುತ್ತಲ್ಲ, ಅದರ ಬಗ್ಗೆ ಹೇಳಿ.

ಲೋ ಗೇರ್: ನನ್ನ ರಾಡ್ ನೋಡೋಕೆ ನೀವು ಯಾವಾಗ ಬಂದಿದ್ರಿ?

ಸ್ಪ್ಯಾನರ್ ಅಕ್ಕ: ಇಬ್ಬರೂ ನಿಲ್ಲಿಸಿ, ಬೇರೆಯವರೂ ಕೇಳಬೇಕು. ಮೇಸ್ತ್ರಿ, ನಾನು ಸುಜುಕಿ ಸಮುರಾಯ್‌ಗೆ ಆಕ್ಸಲ್ ಮೇಲೆ ಸ್ಪ್ರಿಂಗ್ ಬರುವ ಹಾಗೆ ಮಾಡಿ ಎತ್ತರಿಸಿದ್ದೇನೆ. ವೀಲ್‌ಬೇಸ್ 2030. ಈಗ ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ವೇಗ ಹೆಚ್ಚಾದಾಗ ನಡುಗುತ್ತದೆ. ಶಾಫ್ಟ್ ತುದಿಯ ಕೀಲು (ಕ್ರಾಸ್) ಬದಲಿಸಿದೆ, ಬ್ಯಾಲೆನ್ಸ್ ಮಾಡಿಸಿದೆ, ಹೋಗಿಲ್ಲ.

ಚಾಸಿ ಮೇಸ್ತ್ರಿ: ಮೇಡಂ, ಒಳ್ಳೇ ಪ್ರಶ್ನೆ. ಎರಡೂ ತುದಿಯಲ್ಲಿ ಒಂದೊಂದೇ ಕ್ರಾಸ್ ಇರುವ ಶಾಫ್ಟ್‌ನಲ್ಲಿ ಎರಡು ಕಡೆಯ ಕೋನ ಸಮ ಇರಬೇಕು. ಅಂದರೆ ಶಕ್ತಿಯನ್ನು ಮುಂದೆ ಹಿಂದೆ ಹಂಚುವ ಟ್ರಾನ್ಸ್‌ಫರ್ ಕೇಸ್‌ನ ಔಟ್‌ಪುಟ್ ಮತ್ತು ಡಿಫರೆನ್ಷಿಯಲ್‌ನ ಪಿನಿಯನ್ (ಶಾಫ್ಟ್ ಬಂದು ಸೇರುವ ಗೇರ್) ಒಂದಕ್ಕೊಂದು ಸಮಾನಾಂತರ. ಒಂದು ಕ್ರಾಸ್ ಕೊಟ್ಟ ವೇಗದ ಏರಿಳಿತವನ್ನು ಇನ್ನೊಂದು ಹೊಡೆದುಹಾಕುವುದು ಆಗ ಮಾತ್ರ. ಸ್ಪ್ರಿಂಗ್ ಪ್ಯಾಡ್ ವೆಲ್ಡ್ ಮಾಡುವಾಗ ಪಿನಿಯನನ್ನು ಮೇಲಕ್ಕೆ ತಿರುಗಿಸಿಬಿಟ್ಟಿದ್ದಾರಾ ನೋಡಿ. ಪಿನಿಯನ್ ಮೂತಿ ಟ್ರಾನ್ಸ್‌ಫರ್ ಕೇಸ್ ಕಡೆಗೇ ನೋಡಬೇಕಾದದ್ದು ಮೇಲ್ಗಡೆ ಡಬಲ್ ಕಾರ್ಡನ್ ಜಾಯಿಂಟ್, ಅಂದರೆ ಜೋಡಿ ಕ್ರಾಸ್, ಇದ್ದಾಗ. ನಿಮ್ಮಲ್ಲಿ ಅದಿಲ್ಲ ಅಂದುಕೊಂಡಿದ್ದೇನೆ. ಶಾಫ್ಟ್‌ನ ಎರಡು ಯೋಕ್ (ಕ್ರಾಸ್ ಹಿಡಿಯುವ ಕವಲು) ಒಂದೇ ಸಾಲಿನಲ್ಲಿವೆಯಾ ಅಂತಲೂ ನೋಡಿ, ಹಲ್ಲಿನ ಜೋಡಣೆ (ಸ್ಪ್ಲೈನ್) ಬಿಚ್ಚಿ ಹಾಕುವಾಗ ಒಂದು ಹಲ್ಲು ತಪ್ಪಿದರೂ ನಡುಗುತ್ತದೆ.

ಸ್ಪ್ಯಾನರ್ ಅಕ್ಕ: ಡಬಲ್ ಕಾರ್ಡನ್ ಇಲ್ಲ. ಪಿನಿಯನ್ ಮೇಲಕ್ಕೇ ಇದೆ! ಥ್ಯಾಂಕ್ಸ್ ಮೇಸ್ತ್ರಿ.

ಮಣ್ಣಿನ ಹಾದಿ: ಎರಡು ಗಾಡಿ ಸೇರಿಸಿದ್ದೇನೆ, ಯಾವ ಚಾಸಿ ನಂಬರ್ ಇಟ್ಟುಕೊಳ್ಳಬೇಕು?

ಚಾಸಿ ಮೇಸ್ತ್ರಿ: ಮೇಲೆ ಹೇಳಿದ್ದೇನೆ.

ಮಣ್ಣಿನ ಹಾದಿ: ಸ್ಪೀಡೋಮೀಟರ್ ತಪ್ಪು ತೋರಿಸುತ್ತದೆ, ಅದಕ್ಕೆ?

ಕೆಸರುಗಾಲು: ಇನ್ನೊಂದು ಮೆಸೇಜ್, ಇದು ನಿಜವಾಗಲೂ ಒಳ್ಳೇದಿದೆ. "ಪೆಟ್ರೋಲ್ ಟ್ಯಾಂಕ್ ಹತ್ತಿರ ವೆಲ್ಡ್ ಮಾಡಬೇಕಾದರೆ ಟ್ಯಾಂಕ್ ಇಳಿಸುವ ಕಷ್ಟ ಬೇಡ, ಪೂರ್ತಿ ಖಾಲಿ ಮಾಡಿದರೆ ಸಾಕು. ಜಾಗವನ್ನು ಬ್ರೇಕ್ ಕ್ಲೀನರ್‌ನಲ್ಲಿ ತೊಳೆದು ತಕ್ಷಣ ವೆಲ್ಡ್ ಮಾಡಿ, ಬೆಸುಗೆ ಹೊಳೆಯುತ್ತದೆ."

ಚಾಸಿ ಮೇಸ್ತ್ರಿ: ದಯವಿಟ್ಟು ಇದನ್ನು ಅಳಿಸಿ. ಈಗಲೇ.

ಓದಿದವರಿಗೆ ಹೇಳುತ್ತೇನೆ. ಉರಿಯುವುದು ಪೆಟ್ರೋಲ್ ಆವಿ. ಗಾಳಿಯಲ್ಲಿ ಆವಿ ಶೇ. 1.4ರಿಂದ 7.6ರಷ್ಟು ಇದ್ದರೆ ಕಿಡಿ ಸಾಕು. ಖಾಲಿ ಟ್ಯಾಂಕ್‌ನ ತಳದಲ್ಲಿ ಉಳಿದ ಸ್ವಲ್ಪ ಪೆಟ್ರೋಲ್ ಆ ಪ್ರಮಾಣಕ್ಕೆ ತಂದುಬಿಡುತ್ತದೆ. ತುಂಬಿದ ಟ್ಯಾಂಕ್‌ಗಿಂತ ಖಾಲಿ ಟ್ಯಾಂಕ್ ಅಪಾಯ. ಟ್ಯಾಂಕ್ ಇಳಿಸಿ, ದೂರ ಇಡಿ, ಪೈಪ್ ಮುಚ್ಚಿ. ಎರಡನೇದು, ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಬೆಸುಗೆಯ ಬಿಸಿಗೆ, ಬೆಳಕಿಗೆ ಸಿಕ್ಕಿದರೆ ಫಾಸ್ಜೀನ್ ಅನಿಲ ಆಗುತ್ತದೆ. ಮೊದಲ ಮಹಾಯುದ್ಧದಲ್ಲಿ ಜನರನ್ನು ಕೊಲ್ಲಲು ಬಳಸಿದ ಅನಿಲ ಅದು. ಉಸಿರಾಟದ ತೊಂದರೆ ಕೆಲವು ಗಂಟೆ ಕಳೆದ ಮೇಲೆ ಶುರುವಾಗಬಹುದು. ಗ್ಯಾಲ್ವನೈಸ್ ಮಾಡಿದ ಪೈಪ್ ಬೆಸೆದರೂ ಸತುವಿನ ಹೊಗೆಗೆ ಚಳಿಜ್ವರ ಬರುತ್ತದೆ, ಆ ಲೇಪ ಉಜ್ಜಿ ತೆಗೆಯಿರಿ. ಹಾಲು ಕುಡಿದರೆ ಹೋಗುತ್ತದೆ ಅಂತ ಇನ್ನೊಂದು ಮೆಸೇಜ್ ಇದೆ, ಅದನ್ನೂ ತಂದು ಹಾಕಬೇಡಿ.

ಕೆಸರುಗಾಲು: ಅಷ್ಟು ಕೋಪ ಯಾಕೆ, ನಾನು ಬರೆದದ್ದಲ್ಲ.

ಕಿಡಿ: ನೀವು ಬರೆದದ್ದಲ್ಲ, ಓದಿದ್ದೂ ಅಲ್ಲ. ಒತ್ತಿ ಕಳಿಸೋದಷ್ಟೇ ನಿಮ್ಮ ಕೆಲಸ.

ಕೆಸರುಗಾಲು: ನಿಮ್ಮ ಕೆಲಸ ಎಲ್ಲರ ಜೊತೆ ಜಗಳ ಆಡೋದು.

ಲೋ ಗೇರ್: ಮೇಸ್ತ್ರಿನೇ ಹೇಳಲಿ, ಮಿಗ್ ಸರಿನಾ ಆರ್ಕ್ ಸರಿನಾ?

ಚಾಸಿ ಮೇಸ್ತ್ರಿ: ಎರಡೂ ಸರಿ. ಮೆಷಿನ್‌ಗೆ ದಪ್ಪಕ್ಕೆ ತಕ್ಕ ಶಕ್ತಿ ಇರಬೇಕು, ರಾಡ್ ಒಣಗಿರಬೇಕು. ಅದೇ ದಪ್ಪದ ತುಂಡು ಬೆಸೆದು, ಕಡಿದು, ಬಗ್ಗಿಸಿ ಮುರಿದು ನೋಡಿ. ಮುಂದೆ ಇದರ ಬಗ್ಗೆ ಉತ್ತರಿಸುವುದಿಲ್ಲ.

ನಾಲ್ಕು ಚಕ್ರ: ಸರ್, ಹಿಂದಿನ ಬ್ರೇಕ್‌ಗೆ ಹೋಗುವ ಒಂದು ವಾಲ್ವ್‌ಗೆ ಸಲಾಕೆ ಕಟ್ಟಿ ಆಕ್ಸಲ್‌ಗೆ ಜೋಡಿಸಿರುತ್ತಾರಲ್ಲ, ಎತ್ತರಿಸಿದ ಮೇಲೆ ಅದನ್ನು ಹಾಗೇ ಬಿಡಬಹುದಾ?

ಚಾಸಿ ಮೇಸ್ತ್ರಿ: ಬಿಡಬೇಡಿ. ಭಾರ ನೋಡಿ ಹಿಂದಿನ ಬ್ರೇಕ್ ಒತ್ತಡ ಹೊಂದಿಸುವ ವಾಲ್ವ್ ಅದು. ಗಾಡಿ ಎತ್ತರಿಸಿದರೆ ಹಿಂದೆ ಭಾರವೇ ಇಲ್ಲ ಅಂದುಕೊಂಡು ಒತ್ತಡ ಕಡಿಮೆ ಮಾಡುತ್ತದೆ. ಎತ್ತರಿಸಿದಷ್ಟೇ ಆಕ್ಸಲ್ ಕಡೆಯ ಬ್ರಾಕೆಟ್ ಎತ್ತರಿಸಿ, ಆಮೇಲೆ ಖಾಲಿ ಮೈದಾನದಲ್ಲಿ ಯಾವ ಚಕ್ರ ಮೊದಲು ಲಾಕ್ ಆಗುತ್ತದೆ ನೋಡಿ. ಮುಂದಿನದೇ ಮೊದಲು ಆಗಬೇಕು.

ಹಳೇ ಬೋಲ್ಟ್: ಇದಕ್ಕೇ ಹೇಳೋದು, ಎತ್ತರಿಸೋದೇ ಬೇಡ.

ಸ್ಪ್ಯಾನರ್ ಅಕ್ಕ: ನಿಮಗೆ ಬೇಡ ಅಂದರೆ ನೀವು ಎತ್ತರಿಸಬೇಡಿ. ಈ ಗುಂಪಿಗೆ ಬಂದಿದ್ದು ಯಾಕೆ?

ಗುಡ್ಡದ ದಾರಿ: ಮೇಸ್ತ್ರಿ, ಡೈ ಹೊಡೆದೆ. ಫೋಟೋ ನೋಡಿ. ಕೆಂಪು ಗೆರೆ ಕೆಳಗಿನ ಅಂಚಿನ ಅಡ್ಡಕ್ಕೂ ಹೋಗಿ, ಪಕ್ಕದ ಗೋಡೆಗೆ ಬೆರಳಗಲ ಹತ್ತಿದೆ. ಅದರ ಮೇಲೇ ಇನ್ನೊಂದು ದೊಡ್ಡ ಪ್ಲೇಟ್ ಹಾಕಿಸಿದರೆ ನಡೆಯುತ್ತಾ?

ಚಾಸಿ ಮೇಸ್ತ್ರಿ: ನಡೆಯುವುದಿಲ್ಲ. ಕೆಳಗಿನ ಅಂಚು ಪೂರ್ತಿ ಹೋಗಿದೆ, ಈಗ ಆ ಕಡೆಯ ಭಾರ ಹೊತ್ತಿರುವುದು ಪಕ್ಕದ ಗೋಡೆ ಮಾತ್ರ. ಬೆಸುಗೆಯ ಮೇಲೆ ಬೆಸುಗೆ ಹಾಕಿದರೆ ಬಿರುಕು ಹೊಸ ಪ್ಲೇಟ್‌ನ ತುದಿಗೆ ಹೋಗುತ್ತದೆ. ಬಲಗಡೆಗೂ ಡೈ ಹೊಡೆಯಿರಿ, ಅದೂ ಅದೇ ಕೈ ಮಾಡಿದ್ದು.

ಬಾಡಿ ಇಳಿಸಿ. ಚಾಸಿಯನ್ನು ಸಮತಟ್ಟಾದ ನೆಲದ ಮೇಲೆ ಸ್ಟ್ಯಾಂಡ್‌ಗೆ ಕೂರಿಸಿ, ಮೂಲೆಯಿಂದ ಮೂಲೆಗೆ ಎರಡೂ ಅಡ್ಡ ಅಳತೆ ತೆಗೆಯಿರಿ. ಎರಡೂ ಒಂದೇ ಬರಬೇಕು, ಇಲ್ಲದಿದ್ದರೆ ಮೊದಲೇ ಸೊಟ್ಟ ಕೂಡಿಸಿದ್ದಾರೆ. ಮೂರು ಆಯಾಮದಲ್ಲೂ ಬಿಗಿದು ಹಿಡಿಯುವ ಜಿಗ್ ಇಲ್ಲದೆ ಕಡಿಯಲೇಬೇಡಿ. ಪ್ಲೇಟ್ ಮತ್ತು ಬಿರುಕು ಇರುವ ಅಷ್ಟೂ ಭಾಗ ತೆಗೆದು, ಅದೇ ದಪ್ಪದ, ಅದೇ ಅಡ್ಡಕೊಯ್ತದ ಮೆಂಬರ್ ತುಂಡು ಸೇರಿಸಬೇಕು. ಜೋಡಣೆ ನೇರ ಬೇಡ, ಓರೆಯಾಗಿ ಇರಲಿ, ಎಡ ಬಲ ಒಂದೇ ಸಾಲಿನಲ್ಲಿ ಬರದಿರಲಿ, ಸ್ಪ್ರಿಂಗ್ ಬ್ರಾಕೆಟ್ ಹತ್ತಿರ ಬರದಿರಲಿ. ಮೆಂಬರ್ ಒಳಗೆ ಹೊಂದುವ ತುಂಡು (ತೋಳು) ಇಟ್ಟು ಜೋಡಣೆಯ ತಳದ ತನಕ ಬೆಸುಗೆ. ಹೊರಗೆ ಪ್ಲೇಟ್ ಬೇಕೇ ಬೇಕೆಂದರೆ ಪಕ್ಕದ ಗೋಡೆ ಮೇಲೆ ಮಾತ್ರ, ಎರಡೂ ತುದಿ ಚೂಪು ಮಾಡಿ, ಅಂಚುಗಳಿಗೆ ಅಡ್ಡ ಬೆಸುಗೆ ಇಲ್ಲದೆ. ಎಂಜಿನ್, ವೈರಿಂಗ್ ಚಾಸಿ ಮೇಲೇ ಉಳಿಸಿದ್ದರೆ ಬೆಸುಗೆಗೆ ಮೊದಲು ಬ್ಯಾಟರಿಯ ಎರಡೂ ತಂತಿ, ಎಂಜಿನ್ ಕಂಪ್ಯೂಟರ್ (ಇಸಿಯು) ಪ್ಲಗ್ ಬಿಚ್ಚಿ.

ಇಷ್ಟು ಮಾಡುವುದಕ್ಕಿಂತ ನಿಮಗೆ ಹೊಂದುವ ವೀಲ್‌ಬೇಸ್‌ನ, ಕಡಿಯದ ಚಾಸಿ ಸಿಕ್ಕಿದರೆ ಅದನ್ನೇ ತಗೊಳ್ಳಿ. ಮೆಂಬರ್ ಎಷ್ಟು ದಪ್ಪ, ಒಳಗೆ ತುಕ್ಕು ಎಷ್ಟು ಅಂತ ಅಳೆದು ನನಗೆ ಬರೆಯಿರಿ, ಯಾವುದು ಮೇಲು ಅಂತ ಹೇಳುತ್ತೇನೆ. ಗಾಡಿಯನ್ನು ಓಡಿಸಿಕೊಂಡು ಹೋಗಬೇಡಿ, ಲಾರಿ ಮೇಲೆ ಹಾಕಿಸಿ.

ಗುಡ್ಡದ ದಾರಿ: ಆಯ್ತು ಮೇಸ್ತ್ರಿ. ಮನೆಯಲ್ಲಿ ಪ್ರಯಾಣ ಇಲ್ಲ ಅಂತ ಹೇಳಿದೆ. ನಾಳೆ ಬಾಡಿ ಬೋಲ್ಟ್ ಬಿಚ್ಚಲು ಶುರು ಮಾಡುತ್ತೇನೆ, ಅಳತೆ ಕಳಿಸುತ್ತೇನೆ.