ಫ್ಲೋರೈಡ್ ಕಲೆಗಳಿಗೆ ಪೆರಾಕ್ಸೈಡ್ ಪಟ್ಟಿ ಬಳಸಬಹುದೇ?

ಪ್ರಶ್ನೆ: ನಾನು ಕೋಲಾರದ ಕಡೆಯವಳು. ಬಾಲ್ಯದಿಂದಲೂ ಕೊಳವೆಬಾವಿಯ ನೀರು ಕುಡಿದು ಬೆಳೆದ ಕಾರಣ ಮುಂದಿನ ಹಲ್ಲುಗಳ ಮೇಲೆ ಕಂದು ಗೆರೆಗಳೂ ಸುಣ್ಣ ಮೆತ್ತಿದಂಥ ಮಚ್ಚೆಗಳೂ ಇವೆ. ಒಂದು ಹಲ್ಲಿಗೆ ಸೆರಾಮಿಕ್ ಕ್ಯಾಪ್ ಹಾಕಿಸಿದ್ದೇನೆ. ಹಲ್ಲು ಬೆಳ್ಳಗಾಗಲೆಂದು ಮನೆಯಲ್ಲೇ ಅಂಟಿಸಿಕೊಳ್ಳುವ ಪೆರಾಕ್ಸೈಡ್ ಪಟ್ಟಿಗಳಿಂದ ಪ್ರಯೋಜನವಾದೀತೇ?

ಉತ್ತರ 1: ಪೆರಾಕ್ಸೈಡ್ ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್‌ನೊಳಗೆ ಇಳಿದು ಬಣ್ಣದ ಅಣುಗಳನ್ನು ಒಡೆಯುವುದರಿಂದ ಕಾಫಿ, ಚಹಾದ ಹಳದಿ ತಿಳಿಯಾಗುತ್ತದೆ. ಆದರೆ ನಿಮ್ಮ ಕಲೆಗಳಿಗೆ ಕಾರಣವಾದ ಫ್ಲೋರೋಸಿಸ್ ಎಂಬುದು, ನೀರಿನ ಅತಿಯಾದ ಫ್ಲೋರೈಡ್‌ನಿಂದ ಹಲ್ಲು ರೂಪುಗೊಳ್ಳುವಾಗಲೇ ಎನಾಮೆಲ್‌ನಲ್ಲಿ ಉಂಟಾದ ದೋಷವಾದ್ದರಿಂದ, ಕಂದು ಬಣ್ಣ ಸ್ವಲ್ಪ ಮಾಸಿದರೂ ಬಿಳಿ ಮಚ್ಚೆಗಳು ಉಳಿಯುತ್ತವೆ, ಮೊದಮೊದಲು ಇನ್ನಷ್ಟು ಎದ್ದು ಕಾಣುವುದೂ ಉಂಟು. ಕ್ಯಾಪಿನ ಬಣ್ಣವಂತೂ ಬದಲಾಗುವುದಿಲ್ಲ. ಸುತ್ತಲ ಹಲ್ಲು ಬೆಳ್ಳಗಾದರೆ ಅದೊಂದೇ ಬೇರೆಯಾಗಿ ಕಾಣುತ್ತದೆ.

ಉತ್ತರ 2: ಪೊಟ್ಟಣದ ಮೇಲಿನ ಪ್ರಮಾಣವನ್ನು ಓದುವಾಗ ಎಚ್ಚರವಿರಲಿ. ಶೇ 10ರ ಕಾರ್ಬಮೈಡ್ ಪೆರಾಕ್ಸೈಡ್ ಎಂದರೆ ಸುಮಾರು ಶೇ 3.5ರ ಹೈಡ್ರೋಜನ್ ಪೆರಾಕ್ಸೈಡ್ ಮಾತ್ರ. ಐರೋಪ್ಯ ಒಕ್ಕೂಟದಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಶೇ 0.1ಕ್ಕಿಂತ ಹೆಚ್ಚಿರುವುದನ್ನು ಗ್ರಾಹಕರಿಗೆ ನೇರವಾಗಿ ಮಾರುವಂತಿಲ್ಲ. ಶೇ 6ರವರೆಗಿನದನ್ನು ದಂತವೈದ್ಯರ ಮೂಲಕವೇ ಪಡೆಯಬೇಕು. ಪಟ್ಟಿ ವಸಡಿಗೆ ತಾಗಿದರೆ ಅಲ್ಲಿ ಬೆಳ್ಳಗಾಗಿ ಉರಿಯುತ್ತದೆ. ತಣ್ಣೀರಿಗೆ ಹಲ್ಲು ಜುಮ್ಮೆಂದರೆ ಬಳಕೆ ನಿಲ್ಲಿಸಿ, ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟ್ ಬಳಸಿ.

ಉತ್ತರ 3: ನಿಂಬೆರಸ, ಇದ್ದಿಲಪುಡಿಗಳ ಸಲಹೆ ಯಾರಾದರೂ ಕೊಟ್ಟರೆ ದಯವಿಟ್ಟು ಕೇಳಬೇಡಿ, ಅವು ಎನಾಮೆಲನ್ನೇ ಸವೆಸುತ್ತವೆ. ನಿಮ್ಮಂಥ ಕಲೆಗಳಿಗೆ ಮೈಕ್ರೋಅಬ್ರೇಷನ್ (ಕಲೆಯಿರುವ ತೀರಾ ತೆಳುವಾದ ಮೇಲ್ಪದರವನ್ನಷ್ಟೇ ಹದವಾಗಿ ಉಜ್ಜಿ ತೆಗೆಯುವ ಚಿಕಿತ್ಸೆ) ಮಾಡುವ ದಂತವೈದ್ಯರನ್ನು ವಿಚಾರಿಸುವುದು ಒಳ್ಳೆಯದು.