ಅಪ್‌ಡೇಟ್: ಅಣಬೆ ಕೋಣೆಗೆ ನೀಲಿ ಲೈಟ್ ಹಾಕಿದ್ದೇನೆ

ಉಡುಪಿಯ ನಮ್ಮ ಮನೆಯ ಹಿಂದಿನ ಕತ್ತಲೆ ಕೋಣೆಯಲ್ಲಿ ಚಿಪ್ಪು ಅಣಬೆಗೆ ಕಾಂಡ ಉದ್ದ, ಕೊಡೆ ಚಿಕ್ಕದು, ಲೈಟ್ ಹಾಕಿದರೆ ಸರಿಯಾಗುತ್ತದಾ ಅಂತ ಕೇಳಿದ್ದೆ ಅಲ್ವಾ? ಹಾಕಿದೆ.

ಅಣಬೆ ಬೆಳೆಸುವ ಚೀಲದಲ್ಲಿ ಅಣಬೆಯ ಬಿಳಿ ಎಳೆಗಳು ಹರಡಿ ಪೂರ್ತಿ ಬೆಳ್ಳಗಾಗುವವರೆಗೆ ಕತ್ತಲು. ಆಮೇಲೆ ದಿನಕ್ಕೆ 12 ಗಂಟೆ ನೀಲಿ ಎಲ್‌ಇಡಿ, 450 ನ್ಯಾನೋಮೀಟರ್ ಆಸುಪಾಸಿನದು. ಅಣಬೆಗೆ ಬೆಳಕು ಊಟವಲ್ಲ, ಬರೀ ಸೂಚನೆ. ಹಾಗಾಗಿ ಜಾಸ್ತಿ ವ್ಯಾಟ್ ಸುಮ್ನೆ ದಂಡ.

ಕೊಡೆ ಈಗ ಅಗಲವಾಗಿದೆ, ಬಣ್ಣವೂ ಗಾಢ. ಆದರೆ ಮೂಲೆಯ ಚೀಲಗಳಲ್ಲಿ ಲೈಟ್ ಬಿದ್ದರೂ ಕಾಂಡ ಬೆರಳುದ್ದ! ಮಳೆಗೆ ಕಿಟಕಿ ಮುಚ್ಚಿ ಇಂಗಾಲದ ಡೈಆಕ್ಸೈಡ್ ತುಂಬಿದರೂ ಹೀಗೇ ಆಗುತ್ತದೆ. ಎಕ್ಸಾಸ್ಟ್ ಫ್ಯಾನ್ ಹಾಕಿದ ಮೇಲೆ ಅಲ್ಲೂ ಸರಿಹೋಯಿತು. ಗಾಳಿ ನೋಡಿ ಅಂದವರಿಗೆ ಥ್ಯಾಂಕ್ಸ್.

ಒಂದು ಕಿರಿಕಿರಿ: ನೀಲಿ ಬೆಳಕಲ್ಲಿ ಹಸಿರು ಬೂಸ್ಟು ಗುರುತೇ ಸಿಗುವುದಿಲ್ಲ. ಚೀಲ ನೋಡಲು ಬಿಳಿ ಟಾರ್ಚ್ ಬೇಕೇ ಬೇಕು.